ಹಳೆಯ ತಂತಿ, ಹೊಸ ವೇಗ

ತಂತಿ ಎಂಬ ಮಾತು ನಮ್ಮ ಭಾಷೆಯಲ್ಲಿ ಎರಡು ಬಾಳು ಬಾಳಿದೆ. ಮೊದಲನೆಯದು ವೀಣೆಯ ತಂತಿಯಾಗಿ, ಎರಡನೆಯದು ಅಂಚೆ ಕಚೇರಿಯ ತಂತಿಯಾಗಿ. ‘ತಂತಿ ಬಂದಿದೆ’ ಎಂದು ಕೇಳಿದೊಡನೆ ಮನೆಮಂದಿಯ ಎದೆ ಝಲ್ಲೆನ್ನುತ್ತಿದ್ದ ಕಾಲವೊಂದಿತ್ತು. ೨೦೧೩ರ ಜುಲೈ ತಿಂಗಳಲ್ಲಿ ಭಾರತದ ತಂತಿ ಸೇವೆ ಕೊನೆಗೊಂಡಿತು. ಆ ಅರ್ಥ ನಿಘಂಟಿನ ಪಾಲಾಯಿತು. ಆದರೆ ಅದೇ ವೇಳೆಗೆ, ಬೀದಿಯ ಕಂಬದಿಂದ ಮನೆಯ ಗೋಡೆಗೆ ಇಳಿದು ಬಂದಿದ್ದ ದೂರವಾಣಿಯ ತಾಮ್ರದ ತಂತಿ ಮೂರನೆಯ ಬಾಳೊಂದನ್ನು ನಡೆಸುತ್ತಿತ್ತು. ಮನುಷ್ಯನ ದನಿಯೊಂದನ್ನೇ ಹೊರಲೆಂದು ಎಳೆದಿದ್ದ ತಂತಿ ಈಗ ಚಿತ್ರಗಳನ್ನೂ ಪುಸ್ತಕಗಳನ್ನೂ ಇಡಿಯ ಚಲಚ್ಚಿತ್ರಗಳನ್ನೂ ಹೊರುತ್ತಿತ್ತು.

ಇದು ಹೇಗಾಯಿತು? ಯಾರೂ ಆ ತಂತಿಯನ್ನು ಕಿತ್ತು ಬೇರೆ ತಂತಿ ಹಾಕಿರಲಿಲ್ಲ. ಅಜ್ಜನ ಕಾಲದಲ್ಲಿ ಎಳೆದ ತಾಮ್ರವೇ ಮೊಮ್ಮಗನ ಕಾಲದಲ್ಲಿ ಸಾವಿರ ಮಡಿ ಕೆಲಸ ಮಾಡತೊಡಗಿತು. ಆ ಶಕ್ತಿ ಅದರಲ್ಲಿ ಮೊದಲಿನಿಂದಲೂ ಇತ್ತು; ಅದನ್ನು ಕಂಡುಕೊಳ್ಳಲು ಮನುಷ್ಯನಿಗೆ ನೂರು ವರ್ಷ ಹಿಡಿಯಿತು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಕತೆ ಇದು. ಈ ಕತೆಯಲ್ಲಿ ಮರೆತುಹೋದ ಮೇಧಾವಿಯೊಬ್ಬನಿದ್ದಾನೆ; ಉಪಕಾರವೇ ಮುಂದೆ ಅಡ್ಡಿಯಾದ ಪ್ರಸಂಗವೊಂದಿದೆ; ಕೊನೆಯಲ್ಲಿ, ಇದ್ದುದರಲ್ಲೇ ಸುಧಾರಿಸಿಕೊಳ್ಳುವುದು ಎಲ್ಲಿಯವರೆಗೆ ಜಾಣತನ, ಎಲ್ಲಿಂದ ಮುಂದೆ ಕೃಪಣತನ ಎಂಬ ಪ್ರಶ್ನೆಯೂ ಇದೆ.

ಒಂಟಿಯಿಂದ ಜೋಡಿಗೆ

ಅಲೆಕ್ಸಾಂಡರ್ ಗ್ರಹಾಂ ಬೆಲ್ ದೂರವಾಣಿಗೆ ಹಕ್ಕುಪತ್ರ ಪಡೆದದ್ದು ೧೮೭೬ರಲ್ಲಿ. ಮೊದಮೊದಲ ದೂರವಾಣಿಗಳು ಟೆಲಿಗ್ರಾಫಿನ ಪದ್ಧತಿಯನ್ನೇ ಅನುಸರಿಸಿದುವು. ಕಂಬದ ಮೇಲೆ ಒಂದೇ ಒಂದು ಕಬ್ಬಿಣದ ತಂತಿ. ವಿದ್ಯುತ್ತು ಹಿಂದಿರುಗುವುದಕ್ಕೆ ಭೂಮಿಯೇ ದಾರಿ. ಟೆಲಿಗ್ರಾಫಿನ ಕಟಕಟಕ್ಕೆ ಇಷ್ಟು ಸಾಕಾಗಿತ್ತು. ದೂರವಾಣಿಯ ಕಿವಿ ಅದಕ್ಕಿಂತ ಸೂಕ್ಷ್ಮ. ಪಕ್ಕದ ಟೆಲಿಗ್ರಾಫ್ ತಂತಿಯ ಸದ್ದು, ದೂರದ ಸಿಡಿಲಿನ ಸಿಡುಕು, ಕೆಲವೇ ವರ್ಷಗಳಲ್ಲಿ ಬೀದಿಗೆ ಬಂದ ವಿದ್ಯುತ್ ಟ್ರಾಮುಗಳ ಗುಂಯ್‌ಗಾಟ, ಎಲ್ಲವೂ ಅದರೊಳಕ್ಕೆ ನುಗ್ಗಿದುವು. ಮಾತನಾಡುವವನ ದನಿ ಸಂತೆಯಲ್ಲಿ ಕಳೆದುಹೋದ ಮಗುವಿನಂತಾಯಿತು.

ಇದಕ್ಕೆ ಪರಿಹಾರ ಹೊಳೆದದ್ದೂ ಬೆಲ್ಲನಿಗೇ. ೧೮೮೧ರಲ್ಲಿ ಅವನು ಇನ್ನೊಂದು ಹಕ್ಕುಪತ್ರ ಪಡೆದ. ಒಂದು ತಂತಿಯ ಬದಲು ಎರಡು; ಅವೆರಡನ್ನೂ ಜಡೆಯಂತೆ ಒಂದಕ್ಕೊಂದು ಹೊಸೆಯಬೇಕು. ಹೊರಗಿನ ಸದ್ದು ಎರಡು ತಂತಿಗಳ ಮೇಲೂ ಸಮಸಮವಾಗಿ ಬೀಳುತ್ತದೆ. ಕೇಳುವ ಯಂತ್ರವೋ, ಎರಡು ತಂತಿಗಳ ನಡುವಣ ವ್ಯತ್ಯಾಸವನ್ನು ಮಾತ್ರ ಕೇಳುತ್ತದೆ. ಸಮವಾಗಿ ಬಿದ್ದ ಸದ್ದು ಒಂದನ್ನೊಂದು ಕಳೆದುಕೊಂಡು ಇಲ್ಲವಾಗುತ್ತದೆ, ಮಾತು ಉಳಿಯುತ್ತದೆ. ನೋಡಲು ಎಷ್ಟು ಸರಳವಾದ ಉಪಾಯ! ಇಂದಿಗೂ ನಮ್ಮ ಮನೆಗಳ ದೂರವಾಣಿಯ ತಂತಿಯನ್ನು ಬಿಚ್ಚಿ ನೋಡಿದರೆ ಆ ಹೊಸೆದ ಜೋಡಿಯೇ ಕಾಣುತ್ತದೆ.

ಕಬ್ಬಿಣದ ಜಾಗಕ್ಕೆ ತಾಮ್ರ ಬಂದುದೂ ಆ ದಶಕದಲ್ಲೇ. ಮೆದು ತಾಮ್ರ ಕಂಬದ ಮೇಲೆ ತನ್ನ ಭಾರಕ್ಕೆ ತಾನೇ ಜೋತು ಬೀಳುತ್ತಿತ್ತು. ಅದನ್ನು ತಣ್ಣಗಿರುವಾಗಲೇ ಎಳೆದು ಗಡುಸು ಮಾಡುವ ವಿಧಾನ ಕಂಡುಹಿಡಿದ ಮೇಲೆ, ೧೮೮೪ರಲ್ಲಿ ಬಾಸ್ಟನ್ನಿನಿಂದ ನ್ಯೂಯಾರ್ಕಿಗೆ ತಾಮ್ರದ ಮಾರ್ಗ ತೆರೆಯಿತು. ನಮ್ಮ ದೇಶವೂ ಈ ಕತೆಗೆ ಬಲು ತಡವಾಗಿ ಬಂದದ್ದಲ್ಲ. ೧೮೮೨ರ ಜನವರಿಯಲ್ಲೇ ಕಲ್ಕತ್ತೆಯಲ್ಲಿ ದೂರವಾಣಿ ವಿನಿಮಯ ಕೇಂದ್ರ ಆರಂಭವಾಗಿತ್ತು.

ಕಿವುಡನೊಬ್ಬನ ಕಾಣ್ಕೆ

ಊರೊಳಗೆ ಮಾತು ನಿಚ್ಚಳವಾಯಿತು. ಊರಿಂದೂರಿಗೆ, ಅದರಲ್ಲೂ ನೆಲದಡಿಯ ಕೇಬಲ್ಲಿನಲ್ಲಿ, ತೊಂದರೆ ಮುಗಿಯಲಿಲ್ಲ. ದೂರ ಹೋದಂತೆಲ್ಲ ದನಿ ಕ್ಷೀಣಿಸುವುದು ಸಹಜ. ಅದಕ್ಕಿಂತ ಕೆಟ್ಟ ಸಂಗತಿಯೆಂದರೆ ದನಿ ವಿಕಾರವಾಗುತ್ತಿತ್ತು. ತಾರ ಸ್ವರಗಳು ಬೇಗ ಸಾಯುತ್ತಿದ್ದುವು, ಮಂದ್ರ ಸ್ವರಗಳು ಉಳಿಯುತ್ತಿದ್ದುವು. ಸಕಾರ ಶಕಾರಗಳು ಅಳಿಸಿಹೋಗಿ, ಬಾಯಿಗೆ ಬಟ್ಟೆ ಕಟ್ಟಿಕೊಂಡು ಮಾತನಾಡಿದಂತೆ ಕೇಳುತ್ತಿತ್ತು.

ಈ ರೋಗದ ಮೂಲವನ್ನು ಲೆಕ್ಕದಿಂದ ಕಂಡುಹಿಡಿದವನು ಆಲಿವರ್ ಹೆವಿಸೈಡ್. ೧೮೫೦ರಲ್ಲಿ ಲಂಡನ್ನಿನ ಬಡ ಬೀದಿಯೊಂದರಲ್ಲಿ ಹುಟ್ಟಿದವನು. ಬಾಲ್ಯದ ಜ್ವರವೊಂದು ಅವನ ಕಿವಿಯನ್ನು ಮಂದಮಾಡಿತ್ತು. ಹದಿನಾರಕ್ಕೆ ಶಾಲೆ ಮುಗಿಯಿತು. ಟೆಲಿಗ್ರಾಫ್ ಕಚೇರಿಯಲ್ಲಿ ಕೆಲವು ವರ್ಷ ದುಡಿದು, ಇಪ್ಪತ್ತನಾಲ್ಕನೆಯ ವಯಸ್ಸಿಗೆ ಅದನ್ನೂ ಬಿಟ್ಟು, ತಂದೆತಾಯಿಯರ ಮನೆಯಲ್ಲಿ ಕುಳಿತು ಮ್ಯಾಕ್ಸ್‌ವೆಲ್ಲನ ವಿದ್ಯುತ್ ಶಾಸ್ತ್ರವನ್ನು ತನ್ನಷ್ಟಕ್ಕೆ ಕಲಿತ. ಸರಿಯಾಗಿ ಕಿವಿ ಕೇಳದವನು ಲೋಕದ ದೂರವಾಣಿಯ ಕಿವಿಯನ್ನು ನೆಟ್ಟಗೆ ಮಾಡಲು ಹೊರಟ ವಿಚಿತ್ರವನ್ನು ಏನೆನ್ನೋಣ!

೧೮೮೭ರಲ್ಲಿ ಅವನ ಲೆಕ್ಕ ಒಂದು ಅಚ್ಚರಿಯ ಉತ್ತರ ಕೊಟ್ಟಿತು. ತಂತಿಗೆ ನಾಲ್ಕು ಗುಣಗಳುಂಟು: ಪ್ರವಾಹಕ್ಕೆ ಒಡ್ಡುವ ತಡೆ, ಎರಡು ತಂತಿಗಳ ನಡುವಣ ಸೋರಿಕೆ, ಅವುಗಳ ನಡುವೆ ಕೂಡಿಕೊಳ್ಳುವ ವಿದ್ಯುತ್ತು, ಮತ್ತು ಪ್ರವಾಹದ ಏರಿಳಿತವನ್ನು ಎದುರಿಸುವ ಸ್ವಪ್ರೇರಣೆ. ಇವು ನಾಲ್ಕೂ ಒಂದು ಹದದಲ್ಲಿ ಹೊಂದಿಕೊಂಡರೆ ದನಿ ಕ್ಷೀಣಿಸಿದರೂ ವಿಕಾರವಾಗುವುದಿಲ್ಲ. ಸಾಮಾನ್ಯ ತಂತಿಯಲ್ಲಿ ಸ್ವಪ್ರೇರಣೆ ಕಡಮೆ. ಆದ್ದರಿಂದ ಅದನ್ನು ಬೇಕೆಂದೇ ಹೆಚ್ಚಿಸಬೇಕು ಎಂದ ಹೆವಿಸೈಡ್. ಆಗ ಬ್ರಿಟಿಷ್ ಅಂಚೆ ಇಲಾಖೆಯ ತಂತ್ರಜ್ಞರಲ್ಲಿ ಪ್ರಬಲನಾಗಿದ್ದ ವಿಲಿಯಂ ಪ್ರೀಸ್ ಸ್ವಪ್ರೇರಣೆಯೇ ದೂರವಾಣಿಯ ಶತ್ರುವೆಂದು ನಂಬಿದ್ದವನು. ಹೆವಿಸೈಡನ ತಮ್ಮನೋ ಅಣ್ಣನೋ ಆದರೂ ಇಲಾಖೆಯ ನೌಕರನಾಗಿದ್ದರೆ ಇಲಾಖೆಯ ಮಾತು ಮೀರುವಂತಿರಲಿಲ್ಲ. ಅವನ ಸೋದರ ಆರ್ಥರ್ ಹಾಗಿದ್ದ. ಸೋದರರಿಬ್ಬರೂ ಸೇರಿ ಬರೆದ ಪ್ರಬಂಧ ಪ್ರೀಸನ ಅಡ್ಡಿಯಿಂದ ಬೆಳಕು ಕಾಣಲಿಲ್ಲ.

ಮುಂದೆ ಕೆಲ್ವಿನನಂಥ ಹಿರಿಯರು ಹೆವಿಸೈಡನನ್ನು ಹೊಗಳಿದರು, ೧೮೯೧ರಲ್ಲಿ ರಾಯಲ್ ಸೊಸೈಟಿ ಅವನನ್ನು ಸದಸ್ಯನಾಗಿ ಆರಿಸಿತು. ಆದರೆ ಅವನ ಕಾಣ್ಕೆಯಿಂದ ಹಣ ಬಂದದ್ದು ಅಟ್ಲಾಂಟಿಕ್ ಸಾಗರದ ಆಚೆಗೆ. ಅಮೆರಿಕದಲ್ಲಿ ಜಾರ್ಜ್ ಕ್ಯಾಂಪ್‌ಬೆಲ್ ಮತ್ತು ಮೈಕೆಲ್ ಪ್ಯೂಪಿನ್ ಎಂಬಿಬ್ಬರು, ತಂತಿಯ ಉದ್ದಕ್ಕೂ ಲೆಕ್ಕದ ಅಂತರದಲ್ಲಿ ಸುರುಳಿಗಳನ್ನು ಕೂಡಿಸುವ ಉಪಾಯವನ್ನು ರೂಪಿಸಿದರು. ೧೯೦೦ರಲ್ಲಿ ಹಕ್ಕುಪತ್ರ ದೊರೆತದ್ದು ಪ್ಯೂಪಿನ್ನನಿಗೆ. ಇವನೂ ಬಡತನದಿಂದ ಬಂದವನೇ. ಈಗ ಸರ್ಬಿಯಾಕ್ಕೆ ಸೇರಿದ ಹಳ್ಳಿಯೊಂದರಿಂದ ಹುಡುಗನಾಗಿ ಹಡಗೇರಿ ಬಂದಿದ್ದವನು. ದೂರವಾಣಿ ಕಂಪನಿ ಅವನ ಹಕ್ಕನ್ನು ಭಾರಿ ಮೊತ್ತಕ್ಕೆ ಕೊಂಡಿತು. ಹೆವಿಸೈಡ್ ೧೯೨೫ರಲ್ಲಿ ತೀರಿಕೊಂಡ, ಒಂಟಿಯಾಗಿ, ಬಡವನಾಗಿ. ಸುರುಳಿಗಳು ಮಾತ್ರ ಲೋಕವೆಲ್ಲ ಹರಡಿದುವು. ೧೯೧೫ರಲ್ಲಿ ನ್ಯೂಯಾರ್ಕಿನಿಂದ ಸ್ಯಾನ್ ಫ್ರಾನ್ಸಿಸ್ಕೋವರೆಗೆ ಮನುಷ್ಯನ ದನಿ ಹರಿದಾಗ ಆ ಮಾರ್ಗದಲ್ಲೂ ಈ ಸುರುಳಿಗಳಿದ್ದುವು. ಇವುಗಳನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇವು ಬೇರೊಂದು ವೇಷದಲ್ಲಿ ರಂಗಕ್ಕೆ ಬರುತ್ತವೆ.

ಬೇಲಿಯೊಳಗಿನ ದನಿ

ಮಾತು ತಿಳಿಯುವುದಕ್ಕೆ ದನಿಯ ಎಲ್ಲ ಸ್ವರಗಳೂ ಬೇಕಿಲ್ಲ. ಸೆಕೆಂಡಿಗೆ ಸುಮಾರು ೩೦೦ರಿಂದ ೩,೪೦೦ರವರೆಗಿನ ಕಂಪನಗಳು ದಾಟಿದರೆ, ಆಡಿದವರು ಯಾರು, ಏನಾಡಿದರು ಎಂಬುದು ತಿಳಿಯುತ್ತದೆ. ದೂರವಾಣಿಯ ಲೋಕ ಇದನ್ನೇ ಎಲ್ಲೆಯೆಂದು ಒಪ್ಪಿಕೊಂಡಿತು. ಅದರಾಚೆಗಿನ ಸ್ವರಗಳನ್ನು ವಿನಿಮಯ ಕೇಂದ್ರದಲ್ಲಿ ಜರಡಿ ಹಿಡಿದು ತೆಗೆದುಬಿಡುತ್ತಿದ್ದರು. ಕಾಲಕ್ರಮದಲ್ಲಿ ಜನ ಇದು ತಂತಿಯ ಎಲ್ಲೆಯೆಂದೇ ಭಾವಿಸಿದರು. ಹೊಲದ ಸುತ್ತ ನಾವೇ ಹಾಕಿದ ಬೇಲಿಯನ್ನು ಭೂಮಿಯ ಅಂಚೆಂದು ತಿಳಿದಂತಾಯಿತು.

೧೯೪೮ರಲ್ಲಿ ಬೆಲ್ ಪ್ರಯೋಗಾಲಯದ ಕ್ಲಾಡ್ ಷ್ಯಾನನ್ ಒಂದು ಮಹತ್ವದ ಪ್ರಬಂಧ ಬರೆದ. ಯಾವುದೇ ಮಾರ್ಗದಲ್ಲಿ ಸೆಕೆಂಡಿಗೆ ಎಷ್ಟು ಸುದ್ದಿಯನ್ನು ತಪ್ಪಿಲ್ಲದೆ ಸಾಗಿಸಬಹುದು ಎಂಬುದಕ್ಕೆ ಅವನು ಲೆಕ್ಕ ಕಟ್ಟಿಕೊಟ್ಟ. ಆ ಲೆಕ್ಕಕ್ಕೆ ಎರಡೇ ಆಧಾರ: ಮಾರ್ಗದ ಅಗಲವೆಷ್ಟು, ಅಂದರೆ ಎಷ್ಟು ಕಂಪನಗಳ ಹರವಿಗೆ ಅದು ಎಡೆ ಕೊಡುತ್ತದೆ, ಮತ್ತು ಗದ್ದಲಕ್ಕಿಂತ ದನಿ ಎಷ್ಟು ಪಾಲು ಜೋರಾಗಿದೆ. ಸುದ್ದಿಯನ್ನು ಅಳೆಯುವ ‘ಬಿಟ್’ ಎಂಬ ಮಾನವೂ ಆ ಪ್ರಬಂಧದಿಂದಲೇ ಬಳಕೆಗೆ ಬಂತು. ಹೌದು ಅಥವಾ ಅಲ್ಲ ಎಂಬ ಒಂದು ಉತ್ತರಕ್ಕೆ ಒಂದು ಬಿಟ್.

ಗಣಕಯಂತ್ರಗಳು ಒಂದರೊಡನೊಂದು ಮಾತನಾಡಬೇಕಾದಾಗ ಅವೂ ಮನುಷ್ಯರ ದಾರಿಯನ್ನೇ ಹಿಡಿದುವು. ಮೋಡೆಮ್ ಎಂಬ ಯಂತ್ರ ಬಿಟ್ಟುಗಳನ್ನು ಶಿಳ್ಳೆಯಾಗಿ ಮಾಡಿ ದೂರವಾಣಿಯಲ್ಲಿ ಕಳುಹಿಸುತ್ತಿತ್ತು. ೧೯೬೨ರ ಮೋಡೆಮ್ಮಿನ ವೇಗ ಸೆಕೆಂಡಿಗೆ ೩೦೦ ಬಿಟ್, ೧೯೯೪ರ ಹೊತ್ತಿಗೆ ೨೮,೮೦೦, ೧೯೯೮ರಲ್ಲಿ ೫೬,೦೦೦. ಅಲ್ಲಿಗೆ ದಾರಿ ಮುಗಿಯಿತು. ವಿನಿಮಯ ಕೇಂದ್ರವೇ ಒಂದು ಕರೆಗೆ ಸೆಕೆಂಡಿಗೆ ೬೪,೦೦೦ ಬಿಟ್ಟುಗಳ ಕೋಣೆಯನ್ನಷ್ಟೇ ಮೀಸಲಿಟ್ಟಿತ್ತು. ಐದು ಮೆಗಾಬೈಟಿನ ಒಂದು ಹಾಡು ಆ ವೇಗದಲ್ಲಿ ಮನೆಗೆ ಬರಲು ಹನ್ನೆರಡು ನಿಮಿಷ ಬೇಕು, ಅದೂ ಎಲ್ಲವೂ ಸುಸೂತ್ರವಾಗಿದ್ದರೆ. ಅಷ್ಟು ಹೊತ್ತೂ ಮನೆಗೆ ಬೇರೆ ಕರೆ ಬರುವಂತಿಲ್ಲ.

ಬೇಲಿಯಿದ್ದದ್ದು ಕೇಂದ್ರದಲ್ಲಿ, ತಾಮ್ರದಲ್ಲಲ್ಲ ಎಂಬುದಕ್ಕೆ ಸಾಕ್ಷಿ ಬಹಳ ಹಿಂದೆಯೇ ಇತ್ತು. ೧೯೬೨ರಲ್ಲೇ ಬೆಲ್ ಸಂಸ್ಥೆ ಎರಡು ಜೋಡಿ ತಾಮ್ರದ ಮೇಲೆ ಸೆಕೆಂಡಿಗೆ ಹದಿನೈದು ಲಕ್ಷಕ್ಕೂ ಮಿಕ್ಕ ಬಿಟ್ಟುಗಳನ್ನು ಹರಿಸಿತ್ತು. ಅದಕ್ಕಾಗಿ ಸುಮಾರು ಆರು ಸಾವಿರ ಅಡಿಗೊಂದರಂತೆ ದನಿಯನ್ನು ಹೊಸದಾಗಿ ಎತ್ತಿಕೊಡುವ ಯಂತ್ರ ಇಡಬೇಕಾಗಿತ್ತು. ಕೇಂದ್ರ ಕೇಂದ್ರಗಳ ನಡುವೆ ಇಂಥ ಖರ್ಚನ್ನು ಹೊರಬಹುದು. ಪ್ರತಿ ಮನೆಗೂ ಹೊರುವುದು ಸಾಧ್ಯವಿರಲಿಲ್ಲ.

ಸಂತೆಯ ಗದ್ದಲ, ಹಮಾಲರ ಸಾಲು

ಮನೆಯ ತಂತಿಗೆ ವೇಗ ಕೊಡಲು ದೊಡ್ಡ ಅಡ್ಡಿ ಯಾವುದೆಂದರೆ ನೆರೆಹೊರೆ. ಕೇಂದ್ರದಿಂದ ಹೊರಡುವ ಒಂದು ದಪ್ಪ ಕೇಬಲ್ಲಿನಲ್ಲಿ ನೂರಾರು ಜೋಡಿಗಳು ಒತ್ತೊತ್ತಾಗಿರುತ್ತವೆ. ಹೊಸೆದಿದ್ದರೂ, ಕಂಪನ ಏರಿದಂತೆ ಒಂದರ ಮಾತು ಮತ್ತೊಂದಕ್ಕೆ ಸೋರುತ್ತದೆ. ಕೇಂದ್ರದ ಬಳಿ ಇದು ಅತಿ ಹೆಚ್ಚು. ದೂರದ ಮನೆಯಿಂದ ಬಳಲಿ ಬಂದ ಸಣ್ಣ ದನಿಯನ್ನು ಕೇಳಬೇಕಾದ ಜಾಗದಲ್ಲೇ ನೆರೆಯ ಜೋಡಿಗಳು ಹೊರಕ್ಕೆ ಗಟ್ಟಿಯಾಗಿ ಕೂಗುತ್ತಿರುತ್ತವೆ. ಸಂತೆಯಲ್ಲಿ ಕೂಗಿ ಮಾರುವವನ ಪಕ್ಕದಲ್ಲಿ ನಿಂತು ಪಿಸುಮಾತು ಕೇಳಿಸಿಕೊಳ್ಳಲು ಹೋದಂತೆ.

ಅಮೆರಿಕದ ಬೆಲ್‌ಕೋರ್ ಸಂಸ್ಥೆಯ ಜೋಸೆಫ್ ಲೆಕ್‌ಲೈಡರ್ ೧೯೮೦ರ ದಶಕದ ಕೊನೆಯಲ್ಲಿ ಇದಕ್ಕೆ ಸೊಗಸಾದ ಉತ್ತರ ಹೇಳಿದ. ಎರಡು ದಿಕ್ಕಿಗೂ ಸಮಾನ ವೇಗ ಏಕೆ ಬೇಕು? ಮನೆಗೆ ಬರುವುದು ಹೆಚ್ಚು, ಮನೆಯಿಂದ ಹೋಗುವುದು ಕಡಮೆ. ತಂತಿಯ ಅಗಲದಲ್ಲಿ ದೊಡ್ಡ ಪಾಲನ್ನು ಬರುವುದಕ್ಕೆ ಕೊಟ್ಟು, ಹೋಗುವುದಕ್ಕೆ ಕೆಳಗಿನ ಕಿರಿದಾದ ಪಟ್ಟಿಯೊಂದನ್ನು ಬಿಡಿ. ಕೇಂದ್ರದಲ್ಲಿ ಎಲ್ಲರೂ ಕೂಗುವ ಪಟ್ಟಿ ಒಂದು, ಎಲ್ಲರೂ ಕಿವಿಗೊಡುವ ಪಟ್ಟಿ ಮತ್ತೊಂದು ಆದಾಗ ಕೂಗು ಪಿಸುಮಾತನ್ನು ನುಂಗುವುದಿಲ್ಲ. ಅಸಮಾನತೆಯಿಂದಲೇ ಒಟ್ಟು ಲಾಭ ಹೆಚ್ಚುತ್ತದೆಂದು ಅವನು ಲೆಕ್ಕ ಹಾಕಿ ತೋರಿಸಿದ. ಎ.ಡಿ.ಎಸ್.ಎಲ್. ಎಂಬ ಹೆಸರಿನ ಮೊದಲಕ್ಷರ ಈ ಅಸಮಾನತೆಯನ್ನೇ ಸೂಚಿಸುತ್ತದೆ.

ಉಳಿದ ಅರ್ಧ ಕೆಲಸ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಜಾನ್ ಚಿಯೋಫಿಯದು. ತಾಮ್ರದ ಜೋಡಿ ಎಲ್ಲ ಕಂಪನಗಳನ್ನೂ ಒಂದೇ ಸಮನೆ ಒಯ್ಯುವುದಿಲ್ಲ. ಕೆಲವು ಪಟ್ಟಿಗಳಲ್ಲಿ ದನಿ ನೆಟ್ಟಗೆ ಮುಟ್ಟುತ್ತದೆ, ಕೆಲವು ಕಡೆ ರೇಡಿಯೋ ಕೇಂದ್ರದ ಸದ್ದು ನುಗ್ಗುತ್ತದೆ, ಕೆಲವು ಕಡೆ ದನಿ ಅಡಗಿಯೇ ಹೋಗುತ್ತದೆ. ಆದ್ದರಿಂದ ಅಗಲವನ್ನೆಲ್ಲ ಸಣ್ಣ ಸಣ್ಣ ಪಟ್ಟಿಗಳಾಗಿ ಹೋಳುಮಾಡಿ, ಪ್ರತಿಯೊಂದಕ್ಕೂ ಅದರ ಶಕ್ತಿಗೆ ತಕ್ಕಷ್ಟೇ ಹೊರೆ ಹೊರಿಸಬೇಕು. ನಮ್ಮ ಮಂಡಿಗಳಲ್ಲಿ ಮೇಸ್ತ್ರಿ ಹಮಾಲರನ್ನು ಸಾಲಾಗಿ ನಿಲ್ಲಿಸಿ, ಗಟ್ಟಿಗನಿಗೆ ಎರಡು ಮೂಟೆ, ಎಳೆಯನಿಗೆ ಅರ್ಧ ಮೂಟೆ, ಕಾಲು ನೋವಿನವನಿಗೆ ವಿಶ್ರಾಂತಿ ಎಂದು ಹಂಚುವುದಿಲ್ಲವೆ? ಅದೇ ನ್ಯಾಯ. ಎ.ಡಿ.ಎಸ್.ಎಲ್.ನಲ್ಲಿ ಇಂಥ ೨೫೬ ಹಮಾಲರಿದ್ದಾರೆ, ಒಬ್ಬೊಬ್ಬನದು ೪,೩೧೨.೫ ಕಂಪನಗಳ ಪಟ್ಟಿ. ನಮ್ಮ ಮಾತಿಗೆ ಬೇಕಾದದ್ದು ಆ ೨೫೬ರಲ್ಲಿ ಮೊದಲನೆಯ ಒಂದು ಪಟ್ಟಿ ಮಾತ್ರ. ನೂರು ವರ್ಷಗಳ ಕಾಲ ಲೋಕದ ದೂರವಾಣಿಯೆಲ್ಲ ಒಬ್ಬನ ಹೆಗಲ ಮೇಲೆಯೇ ನಡೆದಿತ್ತು; ಮಿಕ್ಕವರನ್ನು ಯಾರೂ ಕರೆದಿರಲಿಲ್ಲ.

ಇಷ್ಟು ಪಟ್ಟಿಗಳನ್ನು ಒಟ್ಟಿಗೆ ನಡೆಸುವ ಗಣಿತ ಹಳೆಯದು; ಅದರ ಬೇರು ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ಗಣಿತಜ್ಞ ಫೂರಿಯೇಯಲ್ಲಿದೆ. ಅದನ್ನು ಬೇಗ ಲೆಕ್ಕ ಮಾಡುವ ವಿಧಾನ ೧೯೬೫ರಲ್ಲಿ ಪ್ರಕಟವಾಯಿತು. ಅದನ್ನು ಬೆರಳುಗುರಿನ ಗಾತ್ರದ ಚಿಪ್ಪಿನಲ್ಲಿ ಅಗ್ಗವಾಗಿ ಅಳವಡಿಸಲು ೧೯೯೦ರ ದಶಕವೇ ಬರಬೇಕಾಯಿತು. ಚಿಯೋಫಿ ೧೯೯೧ರಲ್ಲಿ ಅಮಾಟಿ ಎಂಬ ಚಿಕ್ಕ ಕಂಪನಿ ಕಟ್ಟಿದ. ೧೯೯೩ರಲ್ಲಿ ಪೈಪೋಟಿಯ ವಿಧಾನಗಳನ್ನು ಒಂದೆಡೆ ಇಟ್ಟು ಬೆಲ್‌ಕೋರ್ ಪರೀಕ್ಷೆ ನಡೆಸಿದಾಗ ಹಮಾಲರ ಸಾಲಿನ ವಿಧಾನವೇ ಗೆದ್ದಿತು. ೧೯೯೫ರಲ್ಲಿ ಅಮೆರಿಕದ ಮೊದಲ ನಿಯಮಾವಳಿ, ೧೯೯೯ರಲ್ಲಿ ಅಂತರರಾಷ್ಟ್ರೀಯ ನಿಯಮಾವಳಿ ಹೊರಬಂದುವು. ವೇಗ ಸೆಕೆಂಡಿಗೆ ಎಂಟು ಮೆಗಾಬಿಟ್‌ವರೆಗೆ. ಹನ್ನೆರಡು ನಿಮಿಷದ ಹಾಡಿಗೆ ಐದು ಸೆಕೆಂಡು. ಮೊದಲನೆಯ ಪಟ್ಟಿಯನ್ನು ಮುಟ್ಟದ ಕಾರಣ ಮಾತೂ ಜೊತೆಜೊತೆಗೇ ನಡೆಯುತ್ತಿತ್ತು. ಗೋಡೆಯ ಬಳಿ ಕೂಡಿಸುವ ಸಣ್ಣ ಡಬ್ಬಿಯೊಂದು ದನಿಯನ್ನೂ ದತ್ತಾಂಶವನ್ನೂ ಬೇರ್ಪಡಿಸುತ್ತಿತ್ತು.

ಇದನ್ನು ಕಟ್ಟಿದವರ ಮನಸ್ಸಿನಲ್ಲಿದ್ದದ್ದು ಬೇರೆಯೇ. ದೂರವಾಣಿಯ ಕಂಪನಿಗಳು ಕೇಬಲ್ ಟೆಲಿವಿಷನ್ನಿನವರ ಎದುರು ನಿಲ್ಲಲು, ಬೇಕೆಂದಾಗ ಬೇಕಾದ ಚಿತ್ರವನ್ನು ಮನೆಗೆ ತಲಪಿಸುವ ಯೋಜನೆ ಹಾಕಿದ್ದುವು. ಆ ವ್ಯಾಪಾರ ಆಗ ಕುದುರಲಿಲ್ಲ. ಅಷ್ಟರಲ್ಲಿ ಅಂತರಜಾಲ ಬಂತು. ಮದುವೆಗೆಂದು ಹಾಕಿದ ಚಪ್ಪರದಲ್ಲಿ ಹರಿಕಥೆ ನಡೆದಂತೆ, ಸಿನಿಮಾಕ್ಕೆಂದು ಸಿದ್ಧವಾದ ದಾರಿಯಲ್ಲಿ ಲೋಕದ ಪತ್ರವ್ಯವಹಾರವೆಲ್ಲ ಹರಿಯಿತು.

ಉಪಕಾರವೇ ಅಡ್ಡಿಯಾದಾಗ

ಈಗ ಹೆವಿಸೈಡನ ಸುರುಳಿಗಳನ್ನು ಮತ್ತೆ ನೆನೆಯಬೇಕು. ಆ ಸುರುಳಿ ಮಾತಿನ ಸ್ವರಗಳನ್ನು ಕಾಪಾಡುತ್ತದೆ, ನಿಜ. ಆದರೆ ಅದರ ಮೇಲಿನ ಕಂಪನಗಳಿಗೆ ಅದು ಕೋಟೆಯ ಗೋಡೆ. ೨೫೬ ಹಮಾಲರಲ್ಲಿ ಮೊದಲನೆಯವನಿಗೆ ದಾರಿ ಸುಗಮ ಮಾಡಿ ಮಿಕ್ಕ ೨೫೫ ಮಂದಿಗೆ ಬಾಗಿಲು ಹಾಕುತ್ತದೆ. ಅಮೆರಿಕದಲ್ಲಿ ಉದ್ದದ ತಂತಿಗಳ ಮೇಲೆ ದಶಕಗಳ ಹಿಂದೆ ಶ್ರದ್ಧೆಯಿಂದ ಕೂಡಿಸಿದ್ದ ಸುರುಳಿಗಳನ್ನು ಹುಡುಕಿ ಹುಡುಕಿ ಕತ್ತರಿಸಿ ತೆಗೆಯುವ ಕೆಲಸಕ್ಕೆ ಜನರನ್ನು ಕಳುಹಿಸಬೇಕಾಯಿತು. ಒಂದು ಕಾಲದ ಉಪಕಾರ ಇನ್ನೊಂದು ಕಾಲದ ಅಡ್ಡಿಯಾಗುವುದು ಚರಿತ್ರೆಯಲ್ಲಿ ಹೊಸದಲ್ಲ. ಇಲ್ಲಿ ಅದು ಕೈಗೆ ಸಿಗುವ ವಸ್ತುವಾಗಿಯೇ ಮ್ಯಾನ್‌ಹೋಲಿನಲ್ಲಿ ಕುಳಿತಿತ್ತು.

ಇತರ ಅಡ್ಡಿಗಳೂ ಇದ್ದುವು. ಹಿಂದೆಂದೋ ಬೇರೊಂದು ಮನೆಗೆಂದು ಕವಲೊಡೆಸಿ ಹಾಗೆಯೇ ಬಿಟ್ಟ ತಂತಿಯ ತುಂಡು, ಬಾವಿಯೊಳಕ್ಕೆ ಕೂಗಿದಂತೆ ದನಿಯನ್ನು ಮಾರ್ದನಿಸಿ ಕಂಗೆಡಿಸುತ್ತದೆ. ಬ್ರಿಟನ್ನಿನಲ್ಲಿ ತಾಮ್ರದ ಬೆಲೆ ಏರಿದಾಗ ಕೆಲವೆಡೆ ಹಾಕಿದ ಅಲ್ಯೂಮಿನಿಯಂ ತಂತಿ ಮಾತಿಗೆ ಸಾಕಾಗಿತ್ತು, ವೇಗಕ್ಕೆ ಸಾಲಲಿಲ್ಲ. ಮಳೆಯ ನೀರು ಕುಡಿದ ಜಾಯಿಂಟು, ತುಕ್ಕು ಹಿಡಿದ ಪೆಟ್ಟಿಗೆ, ಮನೆಯೊಳಗೆ ಕೋಣೆಯಿಂದ ಕೋಣೆಗೆ ಎಳೆದ ಉಪತಂತಿ, ಎಲ್ಲವೂ ವೇಗದಲ್ಲಿ ತಮ್ಮ ಪಾಲು ಕಡಿದುಕೊಳ್ಳುತ್ತಿದ್ದುವು. ತಂತಿಯನ್ನು ಬದಲಿಸದೆ ವೇಗ ಹೆಚ್ಚಿಸುವ ಅತಿ ಅಗ್ಗದ ಉಪಾಯ ಎಲ್ಲ ದೇಶದಲ್ಲೂ ಒಂದೇ ಆಗಿತ್ತು: ಲೈನ್‌ಮನ್ನನು ಹಳೆಯ ಜಾಯಿಂಟನ್ನು ಬಿಚ್ಚಿ ಶುಚಿಯಾಗಿ ಮತ್ತೆ ಕಟ್ಟುವುದು. ಷ್ಯಾನನ್ನನ ಸೂತ್ರ ಕಡೆಗೆ ನಿಲ್ಲುತ್ತಿದ್ದದ್ದು ಆ ಕಾರ್ಮಿಕನ ಬೆರಳುಗಳ ಮೇಲೆ.

ಎಲ್ಲಕ್ಕಿಂತ ದೊಡ್ಡ ಅಡ್ಡಿ ದೂರ. ಕಂಪನ ಏರಿದಂತೆ ತಾಮ್ರದಲ್ಲಿ ನಷ್ಟವೂ ಏರುತ್ತದೆ. ೨೦೦೩ರಲ್ಲಿ ಬಂದ ಎ.ಡಿ.ಎಸ್.ಎಲ್. ಎರಡು ಪ್ಲಸ್ ಎಂಬ ವಿಧಾನ ಪಟ್ಟಿಗಳನ್ನು ಇಮ್ಮಡಿಗೊಳಿಸಿ ೨೪ ಮೆಗಾಬಿಟ್‌ವರೆಗೆ ಮುಟ್ಟಿತು. ಆದರೆ ಆ ವೇಗ ಕೇಂದ್ರದ ಹತ್ತಿರದ ಮನೆಗಳಿಗೆ. ಮೂರು ಕಿಲೋಮೀಟರ್ ದಾಟಿದವರಿಗೆ ಅದರಿಂದ ಹೇಳಿಕೊಳ್ಳುವ ಲಾಭವಿರಲಿಲ್ಲ. ಮಾತಿನ ಕಾಲದಲ್ಲಿ ಕೇಂದ್ರದ ಪಕ್ಕದವನಿಗೂ ಊರಂಚಿನವನಿಗೂ ಒಂದೇ ದೂರವಾಣಿ, ಒಂದೇ ಸೇವೆ. ವೇಗದ ಕಾಲ ಬಂದಾಗ ಒಂದೇ ಬಾಡಿಗೆ ಕೊಟ್ಟವರ ನಡುವೆ ತಂತಿಯ ಉದ್ದವೇ ಮೇಲುಕೀಳನ್ನು ತಂದಿತು.

ನಮ್ಮ ನಾಡಿನಲ್ಲಿ

ತಾಮ್ರದ ತಂತಿಯ ಕೊನೆಗೆ ಕೂಡುವ ಯಂತ್ರಕ್ಕೂ ಬೆಂಗಳೂರಿಗೂ ಹಳೆಯ ನಂಟು. ೧೯೪೮ರಲ್ಲಿ ಇಲ್ಲಿ ಸ್ಥಾಪನೆಯಾದ ಐ.ಟಿ.ಐ. ಕಾರ್ಖಾನೆ ದೇಶದ ಮನೆಮನೆಗೆ ದೂರವಾಣಿ ಮಾಡಿಕೊಟ್ಟಿತು. ಅದರ ಸುತ್ತ ಬೆಳೆದ ಬಡಾವಣೆಯ ಹೆಸರೇ ದೂರವಾಣಿ ನಗರ. ಒಂದು ಪಾರಿಭಾಷಿಕ ಪದ ಊರಿನ ಹೆಸರಾಗಿ ಜನರ ನಾಲಗೆಯಲ್ಲಿ ನೆಲೆಸಿದ್ದು ಕನ್ನಡ ಕಲಿಸುವವರಿಗೆ ಸಂತೋಷದ ಸಂಗತಿ.

ಭಾರತ ಸರಕಾರ ೨೦೦೪ರಲ್ಲಿ ಬ್ರಾಡ್‌ಬ್ಯಾಂಡ್ ನೀತಿಯನ್ನು ಪ್ರಕಟಿಸಿತು. ಸೆಕೆಂಡಿಗೆ ೨೫೬ ಕಿಲೋಬಿಟ್ ಇದ್ದರೆ ಬ್ರಾಡ್‌ಬ್ಯಾಂಡ್ ಎಂದು ಆಗ ಲಕ್ಷಣ ಹೇಳಿದರು. ೨೦೦೫ರ ಜನವರಿಯಲ್ಲಿ ಬಿ.ಎಸ್.ಎನ್.ಎಲ್. ಸಂಸ್ಥೆ ಡೇಟಾಒನ್ ಎಂಬ ಹೆಸರಿನಲ್ಲಿ ಹಳೆಯ ತಂತಿಗಳ ಮೇಲೆಯೇ ಆ ಸೇವೆಯನ್ನು ಆರಂಭಿಸಿತು. ಮಧ್ಯಮ ವರ್ಗದ ಎಷ್ಟೋ ಮನೆಗಳಲ್ಲಿ, ವರ್ಷಗಟ್ಟಲೆ ಕಾದು ಪಡೆದ ದೂರವಾಣಿಯ ಪಕ್ಕಕ್ಕೆ ದೀಪಗಳು ಮಿಣುಕುವ ಪೆಟ್ಟಿಗೆಯೊಂದು ಬಂದು ಕುಳಿತುಕೊಂಡಿತು. ಹೊರದೇಶದಲ್ಲಿದ್ದ ಮಕ್ಕಳ ಮುಖ ಅದರ ಮೂಲಕ ಕಂಡಿತು. ಪರೀಕ್ಷೆಯ ಫಲಿತಾಂಶ ಅದರ ಮೂಲಕ ತಿಳಿಯಿತು.

ಆದರೆ ನಮ್ಮಲ್ಲಿ ತಾಮ್ರದ ಆಸ್ತಿಯೇ ಅಲ್ಪ. ನೂರು ಕೋಟಿ ಮೀರಿದ ಜನಸಂಖ್ಯೆಗೆ ಸ್ಥಿರ ದೂರವಾಣಿಗಳು ಹೆಚ್ಚೆಂದರೆ ಐದು ಕೋಟಿಯ ಆಸುಪಾಸು. ಇಂಗ್ಲೆಂಡಿನಲ್ಲಿ ಹೆಚ್ಚುಕಡಮೆ ಪ್ರತಿ ಮನೆಗೂ ತಂತಿಯಿತ್ತು. ಅಲ್ಲಿ ಹಳೆಯ ತಂತಿಗೆ ವೇಗ ಕೊಡುವುದೆಂದರೆ ಇಡೀ ದೇಶಕ್ಕೆ ವೇಗ ಕೊಟ್ಟಂತೆ. ಇಲ್ಲಿ ಅದು ಊರಿನ ಕೆಲವು ಬೀದಿಗಳಿಗೆ ಸಲ್ಲುವ ಮಾತು. ಬಹುಪಾಲು ಭಾರತೀಯರು ತಾಮ್ರದ ಮೆಟ್ಟಿಲನ್ನು ಹತ್ತಲೇ ಇಲ್ಲ. ನೆಲದಿಂದ ನೇರವಾಗಿ ಕೈಫೋನಿನ ಅಟ್ಟಕ್ಕೆ ನೆಗೆದರು. ೨೦೨೩ರಲ್ಲಿ ಬ್ರಾಡ್‌ಬ್ಯಾಂಡಿನ ಲಕ್ಷಣವೇ ಎರಡು ಮೆಗಾಬಿಟ್‌ಗೆ ಏರಿತು.

ಅಪ್ಪ ನೆಟ್ಟ ಆಲದ ಮರ

ದೂರವೇ ಶತ್ರುವಾದರೆ ತಂತಿಯನ್ನು ಗಿಡ್ಡ ಮಾಡಬೇಕು. ಕೇಂದ್ರದಿಂದ ಬೀದಿಯ ಪೆಟ್ಟಿಗೆಯವರೆಗೆ ಗಾಜಿನ ಎಳೆ, ಅಲ್ಲಿಂದ ಮನೆಗೆ ಹಳೆಯ ತಾಮ್ರ. ಮುಂದಿನ ಹೆಜ್ಜೆ ಇದು. ೨೦೦೬ರಲ್ಲಿ ಬಂದ ವಿ.ಡಿ.ಎಸ್.ಎಲ್. ಎರಡು ಎಂಬ ವಿಧಾನ, ಕೆಲವು ನೂರು ಮೀಟರಿನ ತಾಮ್ರದ ಮೇಲೆ ನೂರು ಮೆಗಾಬಿಟ್ಟಿನ ಸಮೀಪಕ್ಕೆ ಹೋಯಿತು. ೨೦೧೦ರಲ್ಲಿ ವೆಕ್ಟರಿಂಗ್ ಎಂಬ ಚಮತ್ಕಾರ ನಿಯಮಾವಳಿಯಾಗಿ ಬಂತು. ನೆರೆಯ ಜೋಡಿಗಳ ಸೋರಿಕೆಯನ್ನು ಯಂತ್ರ ಮೊದಲೇ ಲೆಕ್ಕ ಹಾಕಿ, ಅದಕ್ಕೆ ತಕ್ಕ ಪ್ರತಿಸದ್ದನ್ನು ಮುಂಚಿತವಾಗಿ ಬೆರೆಸಿ ಕಳುಹಿಸುತ್ತದೆ. ಮನೆ ಮುಟ್ಟುವ ಹೊತ್ತಿಗೆ ಸೋರಿಕೆಯೂ ಪ್ರತಿಸದ್ದೂ ಒಂದನ್ನೊಂದು ಅಳಿಸುತ್ತವೆ. ಆದರೆ ಇದಕ್ಕೆ ಕೇಬಲ್ಲಿನ ಎಲ್ಲ ಜೋಡಿಗಳೂ ಒಬ್ಬನ ಕೈಯಲ್ಲಿರಬೇಕು. ಒಂದೇ ಕೇಬಲ್ಲನ್ನು ಹಲವು ಕಂಪನಿಗಳಿಗೆ ಹಂಚಿ ಪೈಪೋಟಿ ಬೆಳೆಸಿದ್ದ ಜರ್ಮನಿಯಂಥ ದೇಶಗಳಲ್ಲಿ ಇದರಿಂದ ದೊಡ್ಡ ವಿವಾದವೇ ಎದ್ದಿತು. ೨೦೧೪ರ ಜಿ.ಫಾಸ್ಟ್ ವಿಧಾನ ನೂರು ಮೀಟರಿನೊಳಗೆ ಗಿಗಾಬಿಟ್ಟಿನ ಸಮೀಪಕ್ಕೂ ಹೋಯಿತು. ಅಷ್ಟು ಹತ್ತಿರಕ್ಕೆ ಗಾಜು ಬಂದ ಮೇಲೆ ಇನ್ನಷ್ಟು ಮುಂದೆ ಬಂದು ಮನೆಯೊಳಕ್ಕೇ ಏಕೆ ಬರಬಾರದು ಎಂದು ಯಾರಾದರೂ ಕೇಳುವಂತಾಯಿತು.

ಆಸ್ಟ್ರೇಲಿಯದಲ್ಲಿ ಈ ಪ್ರಶ್ನೆ ಚುನಾವಣೆಯ ಮಾತಾಯಿತು. ೨೦೦೯ರಲ್ಲಿ ಅಲ್ಲಿನ ಸರಕಾರ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮನೆಗಳಿಗೆ ಗಾಜಿನ ಎಳೆ ಹಾಕುವ ಯೋಜನೆ ಸಾರಿತು. ೨೦೧೩ರಲ್ಲಿ ಬಂದ ಹೊಸ ಸರಕಾರ, ಖರ್ಚೂ ಕಾಲವೂ ಉಳಿಯುವುದೆಂದು ಹೇಳಿ, ಇದ್ದ ತಾಮ್ರವನ್ನೇ ಬಳಸುವ ಮಿಶ್ರ ಮಾರ್ಗವನ್ನು ಹಿಡಿಯಿತು. ೨೦೨೦ರಲ್ಲಿ ಅದೇ ಪಕ್ಷದ ಸರಕಾರವೇ ತಾಮ್ರದ ಮೇಲಿದ್ದ ಲಕ್ಷಾಂತರ ಮನೆಗಳಿಗೆ ಗಾಜಿನ ಎಳೆ ದೊರಕಿಸುವ ಯೋಜನೆಯನ್ನು ಪ್ರಕಟಿಸಬೇಕಾಯಿತು. ಒಂದೇ ಬೀದಿಯನ್ನು ಎರಡು ಸಲ ಅಗೆಯುವ ಮಿತವ್ಯಯ ಅದು. ಬ್ರಿಟನ್ನಿನಲ್ಲಿಯೂ ಜಿ.ಫಾಸ್ಟ್ ಕೆಲವು ಊರುಗಳಿಗೆ ಬಂದು ನಿಂತುಹೋಯಿತು. ೨೦೨೩ರ ಸೆಪ್ಟೆಂಬರಿನಿಂದ ಅಲ್ಲಿ ಹಳೆಯ ಬಗೆಯ ಹೊಸ ದೂರವಾಣಿ ಸಂಪರ್ಕ ಕೊಡುವುದನ್ನೇ ನಿಲ್ಲಿಸಿದರು. ಹಳೆಯ ದೂರವಾಣಿ ಜಾಲವನ್ನು ಪೂರ್ತಿ ಮುಚ್ಚುವ ಗಡುವನ್ನು ೨೦೨೪ರಲ್ಲಿ ೨೦೨೭ರ ಜನವರಿಗೆ ಮುಂದೂಡಿದರು. ಒಂಟಿಯಾಗಿರುವ ಮುದುಕರು ಆಪತ್ತಿನಲ್ಲಿ ಒತ್ತುವ ಕರೆಗಂಟೆಗಳು ಆ ಹಳೆಯ ತಂತಿಯನ್ನೇ ನೆಚ್ಚಿಕೊಂಡಿದ್ದುದು ಅದಕ್ಕೆ ಒಂದು ಕಾರಣ. ಕೇಂದ್ರದಿಂದಲೇ ವಿದ್ಯುತ್ತು ಪಡೆಯುತ್ತಿದ್ದ ತಾಮ್ರದ ದೂರವಾಣಿ ಮನೆಯಲ್ಲಿ ಕರೆಂಟು ಹೋದರೂ ಬದುಕಿರ್ತಿತ್ತು. ಗಾಜಿಗೆ ಆ ಗುಣವಿಲ್ಲ.

ಅಪ್ಪ ನೆಟ್ಟ ಆಲದ ಮರವೆಂದು ಅದಕ್ಕೇ ನೇಣು ಹಾಕಿಕೊಳ್ಳಬಾರದು ಎಂಬ ಗಾದೆ ನಮ್ಮಲ್ಲಿದೆ. ಮಾತು ನಿಜ. ಆದರೆ ಅಪ್ಪ ನೆಟ್ಟನೆಂಬ ಕಾರಣಕ್ಕೇ ಮರವನ್ನು ಕಡಿಯಬೇಕಾಗಿಯೂ ಇಲ್ಲ. ೧೯೯೯ರಲ್ಲಿ ಪ್ರತಿ ಮನೆಗೂ ಗಾಜು ಹಾಕುವ ಹಣ ಹೆಚ್ಚಿನ ದೇಶಗಳ ಬಳಿ ಇರಲಿಲ್ಲ. ಕಾಯುವ ವ್ಯವಧಾನ ಜನರಿಗೂ ಇರಲಿಲ್ಲ. ಆ ಹೊತ್ತಿನಲ್ಲಿ ನೆಲದಡಿಯ ಹಳೆಯ ತಾಮ್ರ ಒಂದು ತಲೆಮಾರಿಗೆ ನೆರಳು ಕೊಟ್ಟಿತು. ಅದರಡಿ ಕುಳಿತು ಲೋಕ ಹೊಸ ಬದುಕೊಂದನ್ನು ಕಲಿತುಕೊಂಡಿತು. ನೆರಳು ಸಾಲದಾದ ಮೇಲೂ ಮನೆ ಕಟ್ಟಲು ಹಿಂಜರಿದವರು ಎರಡು ಪಟ್ಟು ಖರ್ಚು ಮಾಡಿದರು, ಅಷ್ಟೆ.

ಇಂದು ಬೆಂಗಳೂರಿನಂಥ ಊರುಗಳಲ್ಲಿ ಮನೆಗೆ ಬರುವ ಹೊಸ ಸಂಪರ್ಕ ಬಹುಪಾಲು ಗಾಜಿನ ಎಳೆಯದೇ. ಹಳೆಯ ಜೋಡಿ ತಂತಿ ಎಷ್ಟೋ ಗೋಡೆಗಳ ಮೇಲೆ ಸುಣ್ಣ ಬಳಿಸಿಕೊಂಡು ಸುಮ್ಮನೆ ಅಂಟಿಕೊಂಡಿದೆ. ಅದನ್ನು ಕಿತ್ತೆಸೆಯುವವರು ಒಮ್ಮೆ ಅದರ ಹೊಸೆತವನ್ನು ಬಿಚ್ಚಿ ನೋಡಲಿ. ೧೮೮೧ರ ಒಂದು ಉಪಾಯ, ಕಿವಿ ಕೇಳದವನೊಬ್ಬನ ಲೆಕ್ಕ, ಹೆಸರಿಲ್ಲದ ಸಾವಿರಾರು ಲೈನ್‌ಮನ್ನರ ಬೆರಳುಗಳ ಕೆಲಸ, ಇಷ್ಟೂ ಆ ಎರಡೆಳೆಯಲ್ಲಿ ಸುತ್ತಿಕೊಂಡಿವೆ.